ಪದ ಬೇಕು: ‘ಡಿಸರ್ಟರ್’ (ಫಲಕಕ್ಕೆ, ನಾಳೆ ಸಂಜೆಯೊಳಗೆ)

ಸರಸ್ವತಿಪುರಂ, ಬೆಳಿಗ್ಗೆ 10:12

ಮಾನ್ಯರೇ,
ಮೈಸೂರಿನ ಒಂದು ಪುಸ್ತಕ ಪ್ರದರ್ಶನಕ್ಕೆ ‘ಯುದ್ಧ, ಸಮಾಜ, ವ್ಯಕ್ತಿಸ್ವಾತಂತ್ರ್ಯ’ ಅಂತ ಹನ್ನೆರಡು ಫಲಕ ಮಾಡುತ್ತಿದ್ದೇವೆ. ಹನ್ನೊಂದು ಮುಗಿದಿವೆ. ಉಳಿದಿರುವುದು ಹೆಮಿಂಗ್ವೆಯ ಕಾದಂಬರಿ ‘ಎ ಫೇರ್‌ವೆಲ್ ಟು ಆರ್ಮ್ಸ್’ (1929). ಅದರ ತಲೆಬರಹಕ್ಕೆ ‘ಡಿಸರ್ಟರ್’ (ಮರಳದ ಉದ್ದೇಶದಿಂದ ಸೇನೆ ಬಿಟ್ಟುಹೋದವನು) ಎಂಬುದಕ್ಕೆ ಕನ್ನಡ ಬೇಕು.

ಸನ್ನಿವೇಶ ಇಷ್ಟು. 1917, ಕಾಪೊರೆಟ್ಟೊದಲ್ಲಿ ಸೋತ ಇಟಲಿ ಸೇನೆ ಹಿಂದಕ್ಕೆ ಸರಿಯುತ್ತಿದೆ. ತಾಲ್ಯಮೆಂಟೊ ನದಿಯ ಸೇತುವೆ ದಾಟಿ ಬರುವವರಲ್ಲಿ ತುಕಡಿಯಿಂದ ಬೇರೆಯಾದ ಅಧಿಕಾರಿಗಳನ್ನು ಮಿಲಿಟರಿ ಪೊಲೀಸರು ಪಕ್ಕಕ್ಕೆ ಎಳೆದು, ನಾಲ್ಕು ಮಾತು ಕೇಳಿ ಗುಂಡಿಕ್ಕುತ್ತಿದ್ದಾರೆ. ಆಂಬುಲೆನ್ಸ್ ದಳದ ಲೆಫ್ಟಿನೆಂಟ್ ಫ್ರೆಡೆರಿಕ್ ಹೆನ್ರಿ ನದಿಗೆ ಹಾರಿ ಪಾರಾಗುತ್ತಾನೆ, ಮತ್ತೆ ಸೇನೆಗೆ ಹೋಗುವುದಿಲ್ಲ. ಪದ ಅವನನ್ನು ಹೇಡಿ ಅನ್ನಬಾರದು, ವೀರ ಅಂತಲೂ ಅನ್ನಬಾರದು.

ಫಲಕ 3 ಅಡಿಗೆ 2 ಅಡಿ, ತಲೆಬರಹ ಒಂದೇ ಸಾಲು, ಎಂಟು ಅಕ್ಷರ ದಾಟುವಂತಿಲ್ಲ. ಸದ್ಯ ಕೈಯಲ್ಲಿರುವವು: ಪಲಾಯಿತ, ಪರಿತ್ಯಾಗಿ, ಓಡಿಹೋದವ.

ಕುವೆಂಪುನಗರ, 10:40

ಮೂರೂ ಬೇಡ. ‘ಪಲಾಯಿತ’ ಎಂದರೆ ಸಾಹಿತ್ಯ ಓದುವವರಿಗೆ ‘ಪಲಾಯನವಾದ’ ನೆನಪಾಗುತ್ತದೆ. ಕಷ್ಟದ ವಾಸ್ತವಕ್ಕೆ ಬೆನ್ನು ಹಾಕುವ ಬರವಣಿಗೆಯನ್ನು ವಿಮರ್ಶಕರು ಹಾಗೆ ಬಯ್ಯುತ್ತಾ ಬಂದಿದ್ದಾರೆ. ಫಲಕ ನೋಡಿದವರು ಹೆಮಿಂಗ್ವೆಯನ್ನೇ ಪಲಾಯನವಾದಿ ಅಂದುಕೊಂಡಾರು. ‘ಪರಿತ್ಯಾಗ’ ಕುಟುಂಬ ನ್ಯಾಯಾಲಯದ ಮಾತು. ಹಿಂದೂ ವಿವಾಹ ಕಾಯ್ದೆಯಲ್ಲಿ ಎರಡು ವರ್ಷ ಸತತವಾಗಿ ಬಿಟ್ಟುಹೋಗಿದ್ದರೆ ವಿಚ್ಛೇದನಕ್ಕೆ ಆಧಾರ ಎನ್ನುವ ಕಡೆ ಬರುವುದು ಅದು. ಇಂಗ್ಲಿಷಿನಲ್ಲಿ ಎರಡಕ್ಕೂ ಡಿಸರ್ಷನ್ ಎಂಬ ಒಂದೇ ಪದ, ಕನ್ನಡದಲ್ಲಿ ಆ ಗೊಂದಲವನ್ನು ನಾವೇಕೆ ಹೊತ್ತುಕೊಳ್ಳಬೇಕು? ಇನ್ನು ‘ಓಡಿಹೋದವ’ ಅಂತ ಮಂಡ್ಯ ಕಡೆಯವರಿಗೆ ಹೇಳಿ ನೋಡಿ, ‘ಯಾರ ಮಗಳ ಜೊತೆ?’ ಅಂತ ಕೇಳುತ್ತಾರೆ.

ಪಾಂಡವಪುರ, 11:25

ಮೊದಲು ಅರ್ಥ ಬಿಡಿಸಿಕೊಳ್ಳಿ, ಆಮೇಲೆ ಪದ. ನಮ್ಮ 1950ರ ಸೇನಾ ಕಾಯ್ದೆಯಲ್ಲಿ 38ನೇ ಕಲಂ ಡಿಸರ್ಷನ್, 39ನೇ ಕಲಂ ರಜೆಯಿಲ್ಲದ ಗೈರುಹಾಜರಿ. ಮೊದಲನೆಯದಕ್ಕೆ ಯುದ್ಧಸೇವೆಯಲ್ಲಿದ್ದಾಗ ಮರಣದಂಡನೆಯವರೆಗೂ ಹೋಗಬಹುದು, ಎರಡನೆಯದಕ್ಕೆ ಹೆಚ್ಚೆಂದರೆ ಮೂರು ವರ್ಷ. ವ್ಯತ್ಯಾಸ ಇರುವುದು ಉದ್ದೇಶದಲ್ಲಿ: ಮರಳುವುದಿಲ್ಲ ಎಂದು ಹೊರಟನೋ, ಸುಮ್ಮನೆ ತಡವಾಯಿತೋ. ಹೆನ್ರಿ ಮಾರನೆಯ ದಿನ ತುಕಡಿಗೆ ಹೋಗಿ ಸೇರಿದ್ದರೆ ಅದು ಬರೀ ಗೈರು.

ಹೇಡಿತನ ಮತ್ತೂ ಬೇರೆ ಅಪರಾಧ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಗುಂಡಿಕ್ಕಿದ ತನ್ನದೇ ಸೈನಿಕರಲ್ಲಿ 306 ಮಂದಿಗೆ 2006ರಲ್ಲಿ ಕ್ಷಮೆ ಕೊಟ್ಟರು. ಅವರಲ್ಲಿ ಹೇಡಿತನದ ಆರೋಪ ಇದ್ದದ್ದು 18 ಜನರ ಮೇಲೆ, ಡಿಸರ್ಷನ್ 266 ಜನರ ಮೇಲೆ. ಹಾಗಾಗಿ ‘ಬೆನ್ನು ತೋರಿಸಿದವ’ ಮುಂತಾದುವನ್ನು ಯಾರೂ ಸೂಚಿಸಬೇಡಿ.

ಇನ್ನೊಂದು ತೊಡಕಿದೆ. ಅದೇ ಹಿಮ್ಮೆಟ್ಟುವಿಕೆಯಲ್ಲಿ ಆಂಬುಲೆನ್ಸ್ ಕೆಸರಿನಲ್ಲಿ ಹೂತಾಗ, ಸಹಾಯಕ್ಕೆ ನಿಲ್ಲದೆ ನಡೆದುಬಿಟ್ಟ ಸಾರ್ಜೆಂಟ್ ಮೇಲೆ ಗುಂಡು ಹಾರಿಸಿದವನು ಇದೇ ಹೆನ್ರಿ. ನಿಮ್ಮ ಪದ ಆ ಸಾರ್ಜೆಂಟ್‌ಗೂ ಇವನಿಗೂ ಒಂದೇ ಆಗಿ ಹೊಂದಬೇಕು, ಇಲ್ಲದಿದ್ದರೆ ಕಾದಂಬರಿಯ ತಿರುವೇ ಫಲಕದಲ್ಲಿ ಕಾಣೆ. ನನ್ನ ಸೂಚನೆ: ಪಡೆತೊರೆದವ.

ಇನ್ನೊಬ್ಬರು, 11:31

ಉತ್ತರಕುಮಾರ ಇರುವಾಗ ಹೊಸ ಪದ ಯಾಕೆ ಸ್ವಾಮಿ?

ಪಾಂಡವಪುರ, 11:34

ಉತ್ತರ ಸಂಬಳದ ಆಳಲ್ಲ, ಅರಸನ ಮಗ. ಜಂಬ ಕೊಚ್ಚಿದ, ರಥದಿಂದ ಧುಮುಕಿ ಓಡಿದ, ಬೃಹನ್ನಳೆ ಹಿಡಿದು ತಂದಳು. ದಂಡಿಗೆ ಸೇರಿದವನು ಮಾತ್ರ ದಂಡು ಬಿಡಬಲ್ಲ. ಮುಂದಿನ ಸೂಚನೆ.

ಮದ್ದೂರು, ಮಧ್ಯಾಹ್ನ 12:50

‘ಸಂಬಳದ ಆಳು’ ಅಂದಿರಲ್ಲ, ವಿಷಯ ಅಲ್ಲೇ ಇದೆ. ಹಳಗನ್ನಡದಲ್ಲಿ ಇದಕ್ಕೆ ಜೋಳವಾಳಿ ಎಂಬ ಮಾತಿದೆ. ಜೋಳ + ಪಾಳಿ, ಉಂಡ ಜೋಳಕ್ಕೆ ಕಟ್ಟುಬಿದ್ದ ನಡತೆ. ಒಡೆಯನ ಜೊತೆ ಸಾಯುವ ಮಾತು ಕೊಟ್ಟವನದು ವೇಳೆವಾಳಿ. ಇವನ್ನು ಉಳಿಸಿಕೊಂಡವರಿಗೆ ಕಲ್ಲು ನಿಂತಿತು. ನಮ್ಮ ತಾಲ್ಲೂಕಿನ ಆತಕೂರು ಶಾಸನವನ್ನೇ ನೋಡಿ: 949ರ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೆರ ಗಂಗ ಅರಸ ಬೂತುಗನಿಂದ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಿತು, ಅದಕ್ಕೂ ಕಲ್ಲು ನಿಲ್ಲಿಸಿದ. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ನಾಯಿಗೂ ಕಲ್ಲು ಕೊಟ್ಟ ನುಡಿ, ಕಣ ಬಿಟ್ಟು ನಡೆದವನಿಗೆ ಬೈಗುಳವಲ್ಲದ ಒಂದು ಪದ ಇಟ್ಟಿಲ್ಲ. ಕೊಳದ ನೀರಿನಲ್ಲಿ ಅಡಗಿದ ದುರ್ಯೋಧನನನ್ನೂ ಮೂದಲಿಸಿಯೇ ಮೇಲೆ ಎಬ್ಬಿಸಿದ್ದು. ಆದ್ದರಿಂದ ‘ಜೋಳವಾಳಿ ತಪ್ಪಿದವ’ ಎಂದೇ ಹಾಕಿ, ನೋಡುವವರು ತಿಳಿದುಕೊಳ್ಳಲಿ.

‘ತೊರೆ’ ಬಗ್ಗೆ ಒಂದು ಮಾತು. ಅದು ಶಕಟರೇಫದ (ಹಳಗನ್ನಡದ ಱ ಅಕ್ಷರದ) ತೊಱೆ. ತಮಿಳಿನ ತುಱವಿ ಅಂದರೆ ಸಂನ್ಯಾಸಿ. ಪಡೆ ತೊರೆದವನಿಗೆ ಕಾವಿ ಹೊದಿಸಿದಂತಾಗುತ್ತದೆ.

ಸರಸ್ವತಿಪುರಂ, 1:15

ಸರ್, ‘ಜೋಳವಾಳಿ ತಪ್ಪಿದವ’ ಅಕ್ಷರ ಎಣಿಸಿದರೆ ಸರಿಯಾಗಿ ಎಂಟು, ಆದರೆ ಅಡಿಟಿಪ್ಪಣಿ ಬೇಕಾಗುತ್ತದೆ. ‘ತಪ್ಪಿದವ’ ತೀರ್ಪೇ ಕೊಟ್ಟುಬಿಡುತ್ತದೆ. ಇನ್ನು ಸಂನ್ಯಾಸದ ಮಾತು: ಹೆನ್ರಿ ಪ್ರೇಯಸಿ ಕ್ಯಾಥರೀನ್ ಜೊತೆ ರಾತ್ರೋರಾತ್ರಿ ಸರೋವರದಲ್ಲಿ ದೋಣಿ ಹುಟ್ಟು ಹಾಕಿ ಸ್ವಿಟ್ಜರ್ಲೆಂಡ್ ಸೇರುತ್ತಾನೆ.

ಕುವೆಂಪುನಗರ, 1:18

ಹಾಗಿದ್ದರೆ ಮಂಡ್ಯದ ಅರ್ಥದಲ್ಲಿ ‘ಓಡಿಹೋದವ’ನೇ ಸರಿಯಾಯಿತು!

ಶ್ರೀರಂಗಪಟ್ಟಣ, 2:05

‘ದಂಡು ಬಿಟ್ಟವ’ ಹಾಕಿ. ಹಳ್ಳಿಯವರಿಗೂ ತಿಳಿಯುತ್ತದೆ. ‘ಪಡೆ’ ಪೇಪರಿನವರ ಭಾಷೆ.

ಪಾಂಡವಪುರ, 2:20

ದಂಡು ಸಂಸ್ಕೃತದ ದಂಡದಿಂದ ಬಂದದ್ದು. ಪಡೆ ನಮ್ಮದು. ಇಷ್ಟಾದರೂ ಅಚ್ಚಗನ್ನಡ ಬಳಸೋಣ. ಹಾಗೆ ನೋಡಿದರೆ ಇಡೀ ಪ್ರದರ್ಶನದ ಹೆಸರಿನಲ್ಲೇ ಒಂದು ಕನ್ನಡ ಪದ ಇಲ್ಲ. ‘ಸ್ವಾತಂತ್ರ್ಯ’ ತೆಗೆದು ‘ಬಿಡುಗಡೆ’ ಮಾಡಿ.

ಶ್ರೀರಂಗಪಟ್ಟಣ, 2:27

ಪುಸ್ತಕ ಪ್ರದರ್ಶನದ ಬಾಗಿಲಲ್ಲಿ ‘ಬಿಡುಗಡೆ’ ಅಂತ ಬರೆದರೆ ಯಾವ ಪುಸ್ತಕ, ಎಷ್ಟು ಗಂಟೆಗೆ ಅಂತ ಕೇಳುತ್ತಾರೆ. ಬಿಡುಗಡೆಗೆ ಮೊದಲು ಕಟ್ಟಿಹಾಕಿರಬೇಕು, ಸ್ವಾತಂತ್ರ್ಯಕ್ಕೆ ಬೇಕಿಲ್ಲ. ಸಿಪಾಯಿ, ಹವಾಲ್ದಾರ್, ಜಮಾದಾರ್, ಲಷ್ಕರು, ಫೌಜು ಎಲ್ಲವೂ ಪಾರಸಿ, ಅರಬಿ ಕಡೆಯಿಂದ ಬಂದವು. ಮೇಜರ್, ಕ್ಯಾಪ್ಟನ್ ಇಂಗ್ಲಿಷ್. ಯಾರ ಸೈನ್ಯ ಬಂತೋ ಅವರ ಪದ ಬಂತು. ಅದನ್ನೆಲ್ಲ ಈಗ ಗಡಿ ದಾಟಿಸುತ್ತೀರಾ?

ಪಾಂಡವಪುರ, 2:31

ನಾನು ಹೇಳಿದ್ದು ತಲೆಬರಹದ ಬಗ್ಗೆ. ನಿಮ್ಮ ಇತಿಹಾಸ ಪಾಠಕ್ಕೆ ಬೇರೆ ಎಳೆ ತೆರೆಯಿರಿ.

ಅಗ್ರಹಾರ, 3:40

ಜಗಳ ಆಮೇಲೆ. ಅಚ್ಚಿನ ಕಡೆಯಿಂದ ಎರಡು ಮಾತು. ‘ಪಡೆತೊರೆದವ’ದಲ್ಲಿ ಒಂದೂ ಒತ್ತಕ್ಷರ ಇಲ್ಲ. ಆರು ಅಕ್ಷರ, ಸಾಲಿನ ಕೆಳಗೆ ಜಾಗ ಬಿಡದೆ ದೊಡ್ಡದಾಗಿ ಕೂರಿಸಬಹುದು. ‘ಬಿಟ್ಟವ’ದಲ್ಲಿ ಟ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಕೂಡಿಸಿಯೇ ಬರೆಯಿರಿ, ಬಿಡಿಸಿದರೆ ‘ಪಡೆ’ ಅನ್ನುವುದನ್ನು ‘ಪಡೆದುಕೋ’ ಅಂತ ಓದುವವರೂ ಇದ್ದಾರೆ.

ಭಯ ಇರುವುದು ಪ್ರದರ್ಶನದ ಹೆಸರಿನಲ್ಲಿ. ‘ತ್ರ್ಯ’ಕ್ಕೆ ಎರಡು ಒತ್ತು. ಫ್ಲೆಕ್ಸ್ ಅಂಗಡಿಯವರು ಯೂನಿಕೋಡನ್ನು ನುಡಿ ಫಾಂಟಿಗೆ ಬದಲಿಸುವಾಗ ಕೊನೆಯ ಯ ಒತ್ತು ಬಿದ್ದು ‘ಸ್ವಾತಂತ್ರ’ ಆಗುತ್ತದೆ, ಇಲ್ಲವೇ ಒತ್ತು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಪಠ್ಯ ಕಳಿಸಬೇಡಿ. ನೀವೇ ಅಕ್ಷರಗಳನ್ನು ಕರ್ವ್ಸ್‌ಗೆ (ಫಾಂಟ್ ಬೇಡದ ಗೆರೆಚಿತ್ರಕ್ಕೆ) ಬದಲಿಸಿ ಪಿಡಿಎಫ್ ಕೊಡಿ. ಅಚ್ಚಿಗೆ ಮೊದಲು ಅವರ ಪರದೆಯಲ್ಲಿ ‘ತ್ರ್ಯ’ವನ್ನು ದೊಡ್ಡದು ಮಾಡಿ ನೋಡಿ.

ಸರಸ್ವತಿಪುರಂ, 4:30

ಎಲ್ಲರಿಗೂ ವಂದನೆ. ‘ಪಡೆತೊರೆದವ’ ಹಾಕುತ್ತಿದ್ದೇವೆ, ಸಾರ್ಜೆಂಟ್ ವಿಷಯ ಕೆಳಗಿನ ಪಠ್ಯದಲ್ಲಿ ಸೇರಿಸಿದೆ. ಅವನಿಗೂ ಅದೇ ಪದ.

ಮದ್ದೂರು, 4:52

ಶಕಟರೇಫ ಹಾಕಿದ್ದೀರಾ?