ಅಪ್‌ಡೇಟ್: ಹಾರ್ಟ್ ಫೇಲ್ಯೂರ್ ಆದ ಅಪ್ಪನ ಊಟ, ಶಕ್ತಿ
ಹಾರ್ಟ್ ಫೇಲ್ಯೂರ್ ಆಗಿ, ಅಂದರೆ ಹೃದಯ ಸರಿಯಾಗಿ ರಕ್ತ ಪಂಪ್ ಮಾಡಲಾಗದೆ, ಹಾಸನದ ಆಸ್ಪತ್ರೆಯಲ್ಲಿರುವ ಅಪ್ಪನ ತೂಕ ಇಳಿದಿಲ್ಲ, ಆದರೂ ಎದ್ದು ನಿಲ್ಲಲು ಯಾಕೆ ಆಗುತ್ತಿಲ್ಲ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. ಆ ತೂಕ ಮೈಯಲ್ಲಿ ತುಂಬಿದ್ದ ನೀರಿನದು. ನೀರು ಇಳಿಸುವ ಇಂಜೆಕ್ಷನ್ ಕೊಟ್ಟು ಊತ ಹೋದ ಮೇಲೆ ತೊಡೆ, ತೋಳು ಎಷ್ಟು ಸೊರಗಿವೆ ಅಂತ ಕಂಡಿತು. ಕೈಯಲ್ಲಿ ಹಿಸುಕುವ ಮೀಟರ್ ಕೊಟ್ಟು ನೋಡಿದರು: ಏಷ್ಯಾದ ವಯಸ್ಸಾದ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿಗಿಂತ ಕಡಿಮೆ ಬಂದರೆ ಶಕ್ತಿ ಕಡಿಮೆ ಅಂತ ಲೆಕ್ಕ. ಅಪ್ಪ 28ರ ಹತ್ತಿರಕ್ಕೂ ಬರಲಿಲ್ಲ. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿದ್ದಕ್ಕೆ ಅಪ್ಪ ಊಟವನ್ನೇ ಬಿಟ್ಟಿದ್ದರು, ಏನು ಹೇಳೋದು! ಕಾಯಿಲೆ ಇರುವ ವಯಸ್ಸಾದವರಿಗೆ ದಿನಕ್ಕೆ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕಂತೆ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಲೇಬೇಕು. ಈಗ ಸಣ್ಣ ಮುದ್ದೆ, ಗಟ್ಟಿ ಬೇಳೆ, ಮೊಟ್ಟೆ, ಸ್ವಲ್ಪ ಸ್ವಲ್ಪವೇ ಹಲವು ಸಲ. ಉಪ್ಪಿನಕಾಯಿ ಬಂದ್, ನಿಂಬೆಹಣ್ಣು ಜಾಸ್ತಿ. ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವೂ ಶುರುವಾಗಿದೆ, ವ್ಯಾಯಾಮ ಮಾಡಿಸುವ ಫಿಸಿಯೋನ ಬೈಯುತ್ತಲೇ ಅಪ್ಪ ಮಾಡುತ್ತಾರೆ.