ಟ್ಯಾಲಿ ಎಂಟ್ರಿ ಕೆಲಸ ಇನ್ನೆಷ್ಟು ದಿನ? ಅನುಭವ ಇದ್ದವರು ಹೇಳಿ

ದಾವಣಗೆರೆಯ ಆಡಿಟರ್ ಆಫೀಸೊಂದರಲ್ಲಿ ಟ್ಯಾಲಿ ಎಂಟ್ರಿ ಮಾಡುತ್ತೇನೆ, ಅಂದರೆ ಬಿಲ್ಲು ನೋಡಿ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ತುಂಬಿಸುವ ಕೆಲಸ. ಬಿಲ್ಲಿನ ಫೋಟೊ ಹಾಕಿದರೆ ತಾನೇ ಎಂಟ್ರಿ ಮಾಡುವ ಸಾಫ್ಟ್‌ವೇರ್ ಈಗ ತಂದಿದ್ದಾರೆ. ಹೆದರಬೇಕಾ? ಸುಮ್ನೆ ಧೈರ್ಯ ಹೇಳಬೇಡಿ, ನಿಮಗೆ ಆಗಿದ್ದನ್ನು ಹೇಳಿ ಅಣ್ಣಂದಿರೇ.

— ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಈಗ ನಿವೃತ್ತ. ಕಂಪ್ಯೂಟರ್ ಬರುತ್ತದೆ ಅಂದಾಗ ನಮ್ಮ ಯೂನಿಯನ್‌ನವರೆಲ್ಲ ಕಂಗಾಲಾಗಿದ್ದರು. 1983ರಲ್ಲಿ ಒಪ್ಪಂದವೂ ಆಯಿತು, ಮಷೀನ್‌ಗಳಿಗೆ ಮಿತಿ ಹಾಕಿ. ಕೊನೆಗೆ ನಮ್ಮನ್ನು ಯಾರೂ ಹೊರಗೆ ಹಾಕಲಿಲ್ಲ, ಲೆಡ್ಜರ್ ಬರೆಯುತ್ತಿದ್ದವರು ಕೀಬೋರ್ಡ್ ಕುಟ್ಟಿದೆವು ಅಷ್ಟೇ. ಆದರೆ 2000-01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದು ಸರ್ಕಾರಿ ಬ್ಯಾಂಕುಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಹೊರಟರು, ನಮ್ಮ ಶಾಖೆಯಲ್ಲಿ ಆ ಕುರ್ಚಿಗಳಿಗೆ ಎಷ್ಟೋ ವರ್ಷ ಹೊಸಬರು ಬರಲೇ ಇಲ್ಲ. ಪೆಟ್ಟು ಬಿದ್ದಿದ್ದು ಒಳಗಿದ್ದವರಿಗಲ್ಲ, ಕೆಲಸ ಹುಡುಕುತ್ತಿದ್ದ ಹುಡುಗರಿಗೆ.

— ತಂಗಿ, ನಾನೂ ಇದೇ ಲೈನಿನವನು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ, ಎಲ್ಲಾ ಆನ್‌ಲೈನ್ ಆಯ್ತು, ಇನ್ನು ನಮ್ಮ ಕಥೆ ಮುಗೀತು ಅಂದುಕೊಂಡಿದ್ದೆವು. ಆದದ್ದು ಉಲ್ಟಾ, ಕೆಲಸ ಜಾಸ್ತಿಯಾಯಿತು. ನಮ್ಮಲ್ಲೂ ಫೋಟೊ ಓದುವ ಸಾಫ್ಟ್‌ವೇರ್ ಇದೆ. ಪ್ರಿಂಟಾದ ಬಿಲ್ಲನ್ನು ಚೆನ್ನಾಗಿಯೇ ಓದುತ್ತದೆ. ಅಡಿಕೆ ಮಂಡಿಯ ಕೈಬರಹದ ಪಟ್ಟಿ ಕೊಟ್ಟು ನೋಡಿ, ಕಾರ್ಬನ್ ಕೆಳಗಿನ ಮಸುಕು ಪ್ರತಿ, ಹಮಾಲಿ, ತೂಕ ಎಲ್ಲ ಒಂದೇ ಮೂಲೆಯಲ್ಲಿ ಗೀಚಿರುತ್ತಾರೆ. ಹಮಾಲಿಯನ್ನು ತಗೊಂಡು ಅಡಿಕೆ ರೇಟಿಗೇ ಸೇರಿಸಿಬಿಟ್ಟಿತ್ತು! ಇದೂ ನಾಳೆ ಸರಿಹೋಗಬಹುದು, ಅದನ್ನೇ ನಂಬಿ ಕೂರಬೇಡಿ. ಮಾಲು ಕೊಟ್ಟವನು ರಿಟರ್ನ್‌ನಲ್ಲಿ ಬಿಲ್ ತೋರಿಸದಿದ್ದರೆ ನಮ್ಮ ಪಾರ್ಟಿಯ, ಅಂದರೆ ನಾವು ಲೆಕ್ಕ ಬರೆಯುವ ವ್ಯಾಪಾರಿಯ, 2ಬಿಯಲ್ಲಿ (ಜಿಎಸ್‌ಟಿ ಪೋರ್ಟಲ್ ತಾನೇ ಮಾಡಿಕೊಡುವ ಖರೀದಿ ಪಟ್ಟಿ) ಅದು ಬರುವುದಿಲ್ಲ, ಖರೀದಿಗೆ ಕೊಟ್ಟ ತೆರಿಗೆಯನ್ನು ಮುರಿದುಕೊಳ್ಳುವ ಇನ್‌ಪುಟ್ ಕ್ರೆಡಿಟ್‌ಗೆ ಕತ್ತರಿ. ಅವನಿಗೆ ಫೋನ್ ಮಾಡಿ, ಬೈಸಿಕೊಂಡು, ಬಿಲ್ ಹಾಕಿಸುವುದು ಮನುಷ್ಯರ ಕೆಲಸವೇ. ನೋಟಿಸ್‌ಗೆ ಉತ್ತರ ಕೊಡುವುದೂ ಅಷ್ಟೇ. ನಮ್ಮಲ್ಲಿ ಎಂಟ್ರಿಗೆ ಇಬ್ಬರಿದ್ದರು. ಒಬ್ಬಳು ಮದುವೆಯಾಗಿ ಹೋದಳು, ಆ ಜಾಗಕ್ಕೆ ಸಾಹೇಬರು ಯಾರನ್ನೂ ತಗೊಳ್ಳಲಿಲ್ಲ. ಇನ್ನೊಬ್ಬ ಈಗ 2ಬಿ ತಾಳೆ ನೋಡುತ್ತಾನೆ, ಸಂಬಳವೂ ಸ್ವಲ್ಪ ಏರಿದೆ. ನೀವೇ ಕೇಳಿ ಆ ಕೆಲಸಕ್ಕೆ ಕೈ ಹಾಕಿ, ಅವರಾಗಿ ಕೊಡುವುದಿಲ್ಲ.

— ಕಲಿತರೆ ಉಳಿಯುತ್ತೀರಿ ಅನ್ನುವುದು ವಯಸ್ಸಿದ್ದವರಿಗೆ ಸರಿ. ನಾನು ಪ್ರೆಸ್ಸಿನಲ್ಲಿ ಅಚ್ಚಿನ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂದಾಗ ನಾನು ಚಿಕ್ಕವನು, ಕಲಿತೆ. ಐವತ್ತು ದಾಟಿದ್ದ ನಮ್ಮ ಮೇಸ್ತ್ರಿ ಮನೆಗೆ ಹೋದರು. ಅಪ್ಪ ಇಲ್ಲಿನ ಕಾಟನ್ ಮಿಲ್ಲಿನಲ್ಲಿದ್ದರು, ಅಲ್ಲಿ ಹೊಸ ಮಷೀನ್ ಬರಲೇ ಇಲ್ಲ, ಹಳೆಯದರಲ್ಲೇ ಓಡಿಸಿ ಓಡಿಸಿ ಬಾಗಿಲು ಹಾಕಿದರು. ಬಾಕಿ ಹಣಕ್ಕೆ ಅಪ್ಪ ವರ್ಷಗಟ್ಟಲೆ ಅಲೆದರು. ನಿಮ್ಮ ಆಫೀಸಿನಲ್ಲಿ ಪಿಎಫ್ ಕಟ್ಟುತ್ತಾರಾ? ಮೊದಲು ಅದನ್ನು ನೋಡಿಕೊಳ್ಳಿ.