ವಿದೇಶದಿಂದ ತರುವ ನೆನಪಿನ ವಸ್ತು ದಿನಬಳಕೆಗೂ ಒದಗಬೇಕಾದರೆ ಏನನ್ನು ಆರಿಸಬೇಕು?

ಪ್ರಶ್ನೆ:
ಪ್ರತಿ ಪ್ರವಾಸದಲ್ಲೂ ಕೊಂಡುತಂದ ಗೊಂಬೆಗಳು, ಕೀ ಚೈನ್‌ಗಳು ಕಪಾಟಿನಲ್ಲಿ ಧೂಳು ಹಿಡಿಯುತ್ತಿವೆ. ನಿತ್ಯ ಬಳಕೆಗೆ ಬಂದು, ನೋಡಿದ ಊರನ್ನೂ ನೆನಪಿಸುವ ವಸ್ತುಗಳು ಯಾವುವು? ನಾನು ಕೈಚೀಲವೊಂದನ್ನೇ ಹಿಡಿದು ವಿಮಾನ ಹತ್ತುವುದರಿಂದ ತೂಕದ ಚಿಂತೆಯೂ ಇದೆ.

ಉತ್ತರ 1:
ಬಟ್ಟೆಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ದೃಢವಾದ ಸಲಹೆ. ಜಪಾನಿನ ತೆನುಗುಯಿ ಎಂಬ ತೆಳುವಾದ ಹತ್ತಿ ವಸ್ತ್ರವು ಸುಮಾರು 35 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದವಿದ್ದು, ಅದರ ಎರಡು ತುದಿಗಳನ್ನು ಮಡಿಚಿ ಹೊಲಿಯದೆ ಬಿಟ್ಟಿರುವುದರಿಂದ ಅಲ್ಲಿ ನೀರು ನಿಲ್ಲದೆ ಬೇಗ ಒಣಗುತ್ತದೆ. ಮೊದಲ ಒಗೆತಗಳಲ್ಲಿ ತುದಿಯ ನೂಲು ಬಿಚ್ಚಿಕೊಂಡರೆ ಬಟ್ಟೆ ಕಳಪೆಯೆಂದು ಭಾವಿಸಬೇಡಿ. ಸಡಿಲವಾದ ಎಳೆಗಳನ್ನು ಎಳೆಯದೆ ಕತ್ತರಿಯಿಂದ ಕತ್ತರಿಸುತ್ತ ಬಂದರೆ ಕ್ರಮೇಣ ಅದು ತಾನಾಗಿಯೇ ನಿಲ್ಲುತ್ತದೆ. ನನ್ನ ಬಳಿಯಿರುವ ನೀಲಿ ತೆನುಗುಯಿ ಬಣ್ಣ ಮಾಸಿ, ಮೆತ್ತಗಾಗಿ, ಹೊಸದರಲ್ಲಿ ಇದ್ದುದಕ್ಕಿಂತ ಈಗಲೇ ಹೆಚ್ಚು ಪ್ರಿಯವಾಗಿದೆ. ಟರ್ಕಿಯ ಪೆಷ್ಟೆಮಾಲ್ ಎಂಬ ಸ್ನಾನದ ವಸ್ತ್ರವೂ ಹೀಗೆಯೇ ತೆಳುವಾಗಿದ್ದು ಚೀಲದಲ್ಲಿ ಹೆಚ್ಚು ಜಾಗ ಬೇಡುವುದಿಲ್ಲ.

ಉತ್ತರ 2:
ಮೇಲಿನ ಮಾತು ಸರಿ. ವಿದ್ಯುತ್ ಉಪಕರಣಗಳ ವಿಷಯದಲ್ಲಿ ಮಾತ್ರ ಎಚ್ಚರವಿರಲಿ: ಜಪಾನಿನಲ್ಲಿ 100 ವೋಲ್ಟ್, ಅಮೆರಿಕದಲ್ಲಿ 120 ವೋಲ್ಟ್ ವಿದ್ಯುತ್ ಇರುವುದರಿಂದ, ಅಲ್ಲಿ ಕೊಂಡ ಉಪಕರಣವನ್ನು 230 ವೋಲ್ಟ್‌ನ ಮನೆಯಲ್ಲಿ ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗಬಹುದು. ಕೊಳ್ಳುವ ಮುನ್ನ ಹಿಂಬದಿಯ ಚೀಟಿಯಲ್ಲಿ ‘100–240’ ಎಂದು ಬರೆದಿದೆಯೇ ಎಂದು ನೋಡಿಕೊಳ್ಳಿ.

ಉತ್ತರ 3:
ಅಡುಗೆಯ ಚಾಕು ಎಷ್ಟೇ ಉಪಯುಕ್ತವಾದರೂ ಅದನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲವಾದ್ದರಿಂದ ನಿಮಗೆ ಅದು ಹೊಂದದು. ಮರದ ಸೌಟು ಹಗುರವಾದ ಆಯ್ಕೆ. ಆದರೆ ತೊಗಟೆ ಉಳಿದಿರುವ ಅಥವಾ ಹುಳು ಕೊರೆದ ರಂಧ್ರವಿರುವ ಮರವನ್ನು ಕೊಳ್ಳಬೇಡಿ, ಕಸ್ಟಮ್ಸ್ ತಪಾಸಣೆಯಲ್ಲಿ ಅದನ್ನು ತಡೆಹಿಡಿಯಬಹುದು.